ವಿಯೆನ್ನಾದಲ್ಲಿ ಹನ್ನೆರಡು ಗಂಟೆಯ ಊಟ

ಕೇಳುಗರೆಲ್ಲರಿಗೂ ನಮಸ್ಕಾರ.

ಮಗ ಸೊಸೆ ಯೂರೋಪಿನಲ್ಲಿದ್ದಾರೆ, ಈ ಬೇಸಿಗೆಗೆ ಕರೆಸಿಕೊಳ್ಳುತ್ತಿದ್ದಾರೆ ಎನ್ನುವವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಚಟ್ನಿಪುಡಿ, ಅವಲಕ್ಕಿಯೇ ಜಾಸ್ತಿ, ಅಲ್ವಾ? ತುಂಬಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ವಿಯೆನ್ನಾದಂಥ ಊರಿಗೆ ಹೋಗಿ, ರೂಮಿನಲ್ಲಿ ಬಾಗಿಲು ಹಾಕಿಕೊಂಡು ಪೊಟ್ಟಣದ ಉಪ್ಪಿಟ್ಟಿಗೆ ಬಿಸಿನೀರು ಸುರಿದು ತಿಂದು ಬರಬೇಡಿ. ಕೆಲಸದ ಮೇಲೆ ಒಂಬತ್ತು ವರ್ಷ ಆ ಊರಲ್ಲಿದ್ದವನು ನಾನು. ಇವತ್ತು ನಾನು ಹೇಳುವುದು ಒಂದೇ ಮಾತು. ಅಲ್ಲಿ ದೊಡ್ಡ ಊಟ ಮಧ್ಯಾಹ್ನ ಮಾಡಿ. ರಾತ್ರಿ ಅಲ್ಲ, ಮಧ್ಯಾಹ್ನ.

ಸೋಮವಾರದಿಂದ ಶುಕ್ರವಾರದ ತನಕ, ಹನ್ನೊಂದೂವರೆ ಹೊತ್ತಿಗೆ, ಹೋಟೆಲುಗಳ ಬಾಗಿಲಲ್ಲಿ ಒಂದು ಕರಿಹಲಗೆ ಬಂದು ನಿಲ್ಲುತ್ತದೆ. ಅದರ ಮೇಲೆ ಸೀಮೆಸುಣ್ಣದಲ್ಲಿ 'ಮಿಟಾಗ್ಸ್‌ಮೆನ್ಯೂ' ಅಂತ ಬರೆದಿರುತ್ತದೆ. ಅಂದರೆ ಮಧ್ಯಾಹ್ನದ ಊಟ. ಒಂದು ಸೂಪು, ಒಂದು ಮುಖ್ಯ ತಿನಿಸು. ಸುಮಾರು 10ರಿಂದ 15 ಯೂರೊ. ಇದು ಸುತ್ತಲಿನ ಆಫೀಸಿನವರಿಗಾಗಿ ಮಾಡುವ ಅಡುಗೆ. ಎರಡೇ ಬಗೆ ಇರುತ್ತದೆ, ಒಟ್ಟಿಗೆ ಬೇಯಿಸುತ್ತಾರೆ, ಬೇಗ ಬಡಿಸುತ್ತಾರೆ. ಅದಕ್ಕೇ ಅಗ್ಗ. ಅದೇ ಮೇಜು, ಅದೇ ಬಾಣಸಿಗ. ರಾತ್ರಿ ಎಂಟಕ್ಕೆ ಹೋಗಿ ಕೂತರೆ ಜೇಬು ಖಾಲಿ.

ಇಂಥ ಹಳೇ ಊಟದ ಮನೆಗಳಿಗೆ ಅಲ್ಲಿ 'ಬೈಸ್ಲ್' ಅನ್ನುತ್ತಾರೆ. ನಮ್ಮ ಖಾನಾವಳಿ ಇದ್ದ ಹಾಗೆ ಅಂದುಕೊಳ್ಳಿ. ಗೋಡೆಗೆ ಕಪ್ಪಾದ ಮರದ ಹಲಗೆ, ಮಾತು ಕಡಿಮೆಯ ಮಾಣಿ. ಸಸ್ಯಾಹಾರಿಗಳು 'ವೆಗೆಟಾರಿಷ್' ಅನ್ನುವ ಒಂದು ಪದ ಬಾಯಿಪಾಠ ಮಾಡಿಕೊಳ್ಳಿ. ಮತ್ತೆ, ಸೂಪಿನ ಬಗ್ಗೆ ಹುಷಾರು. ದೋಸೆಯನ್ನು ಸುರುಳಿ ಸುತ್ತಿ ಸಣ್ಣಗೆ ಹೆಚ್ಚಿ ತಿಳಿಸಾರಿನಲ್ಲಿ ಬಿಟ್ಟ ಹಾಗೆ ಒಂದು ಸೂಪು ಬರುತ್ತದೆ. ನೋಡಿದರೆ ನಮ್ಮದೇ ಅನ್ನಿಸುತ್ತದೆ. ಆದರೆ ಆ ತಿಳಿಸಾರು ದನದ ಮಾಂಸದ್ದು! ಹಾಗೇ 'ವೀನರ್ ಶ್ನಿಟ್ಸೆಲ್' ಅಂತ ಬರೆದಿದ್ದರೆ ಅದು ಕರುವಿನ ಮಾಂಸ. ಹಂದಿಯದಾದರೆ ಹಾಗಂತ ಬೇರೆ ಬರೆದಿರಬೇಕು, ಅದು ಅಲ್ಲಿಯ ಕಾನೂನು.

ಈಗ ನಮ್ಮ ಭಾವನ ವಿಷಯ ಹೇಳಲೇಬೇಕು. ಶಿರಸಿಯವರು, ಮೂವತ್ತು ವರ್ಷದಿಂದ ಅಡಿಕೆ ವ್ಯಾಪಾರ ಮಾಡುತ್ತಿದ್ದವರು. ಅಕ್ಕನ ಜೊತೆ ಬಂದಿದ್ದರು. ಬಂದ ದಿನವೇ ಹೇಳಿದೆ, 'ಭಾವ, ಹೊರಗೆ ತಿನ್ನೋದಾದರೆ ಮಧ್ಯಾಹ್ನ' ಅಂತ. ಕೇಳಲಿಲ್ಲ. ಸಂಜೆ ಇಬ್ಬರೇ ದೊಡ್ಡ ಚರ್ಚಿನ ಹತ್ತಿರ ಸುತ್ತಾಡಿ, ಬಾಗಿಲಲ್ಲಿ ನಿಂತು ಕರೆಯುತ್ತಿದ್ದ ಒಂದು ಕಡೆ ಹೋಗಿ ಕೂತರು. ಕೇಳದೆಯೇ ಬ್ರೆಡ್ಡಿನ ಬುಟ್ಟಿ ಬಂತು. ಪುಕ್ಕಟೆ ಅಂದುಕೊಂಡು ತಿಂದರು. ಬಿಲ್ಲಿನಲ್ಲಿ ಒಂದೊಂದು ತುಂಡಿಗೂ ಲೆಕ್ಕ. ಒಟ್ಟು 74 ಯೂರೊ. ಭಾವ ಆ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು, ಪಹಣಿ ಪತ್ರ ಇಟ್ಟುಕೊಂಡ ಹಾಗೆ.

ಮರುದಿನ ಮಧ್ಯಾಹ್ನ ನಾನೇ ಕರೆದುಕೊಂಡು ಹೋದೆ. ಶೊಟ್ಟನ್‌ಟೋರ್ ಅನ್ನುವ ಟ್ರಾಮ್ ನಿಲ್ದಾಣದ ಹತ್ತಿರ 'ವೀನರ್ ದೀವಾನ್' ಅಂತ ಒಂದು ಪಾಕಿಸ್ತಾನಿ ಊಟದ ಮನೆ ಇದೆ. ಶುರುವಾಗಿದ್ದು 2005ರಲ್ಲಿ. ಅಲ್ಲಿ ಊಟಕ್ಕೆ ರೇಟೇ ಇಲ್ಲ. ಅನ್ನ, ಬೇಳೆ, ತರಕಾರಿ, ಮಾಂಸ ಎಲ್ಲ ಸಾಲಾಗಿ ಇಟ್ಟಿರುತ್ತಾರೆ, ಬೇಕಾದಷ್ಟು ಬಡಿಸಿಕೊಳ್ಳಿ, ತೋಚಿದಷ್ಟು ಕೊಡಿ. ಕುಡಿಯುವುದಕ್ಕೆ ಮಾತ್ರ ಬೆಲೆ ಉಂಟು.

ಭಾವ ಮೂರು ಸಲ ಬಡಿಸಿಕೊಂಡರು. ಬೇಳೆಗೆ ಇನ್ನೊಂದು ಚೂರು ಹುಳಿ ಬೇಕಿತ್ತು ಅಂದರು. ಆಮೇಲೆ ದುಡ್ಡು ಕೊಡುವ ಹೊತ್ತು ಬಂತು. ಗಲ್ಲೆಯ ಹುಡುಗನಿಗೆ 'ಎಷ್ಟು?' ಅಂದರು. ಅವನು 'ನಿಮ್ಮಿಷ್ಟ' ಅಂದ. ಭಾವ ನನ್ನ ಕಡೆ ತಿರುಗಿ, 'ಇದೆಂಥದು ಮಾರಾಯ, ಒಂದು ರೇಟು ಹೇಳಲಿಕ್ಕೆ ಹೇಳು' ಅಂದರು. ನಾನು ಸುಮ್ನೆ ನಿಂತೆ. ಇಪ್ಪತ್ತರ ನೋಟು ತೆಗೆದರು, ಒಳಗಿಟ್ಟರು. ಹತ್ತರದ್ದು ತೆಗೆದರು. ಹಿಂದೆ ನಿಂತಿದ್ದ ವಿದ್ಯಾರ್ಥಿಯ ಕೈಯಲ್ಲಿ ಎಷ್ಟಿದೆ ಅಂತ ಬಗ್ಗಿ ನೋಡಿದರು. ಅಕ್ಕ ಆಗಲೇ ಹೊರಗೆ ಹೋಗಿ ನಿಂತಿದ್ದಳು. ಕೊನೆಗೆ ಅವರಿಬ್ಬರ ಲೆಕ್ಕಕ್ಕೆ 16 ಯೂರೊ ಇಟ್ಟರು. ಹುಡುಗ 'ಡಾಂಕೆ' ಅಂದ, ಅಂದರೆ ಥ್ಯಾಂಕ್ಸ್. ಹಿಂದಿನ ವಿದ್ಯಾರ್ಥಿ ಐದು ಕೊಟ್ಟಾಗಲೂ ಅದೇ ದನಿಯಲ್ಲಿ 'ಡಾಂಕೆ' ಅಂದ. ಭಾವನಿಗೆ ಚುಚ್ಚಿದ್ದು ಅದೇ. 'ಅಡಿಕೆ ವ್ಯಾಪಾರದಲ್ಲಿ ಎದುರಿನವನ ಮುಖ ನೋಡಿದರೆ ಜಾಸ್ತಿ ಕೊಟ್ಟೆನೋ ಕಡಿಮೆ ಕೊಟ್ಟೆನೋ ಗೊತ್ತಾಗ್ತದೆ. ಇವನ ಮುಖದಲ್ಲಿ ಏನೂ ಇಲ್ಲವಲ್ಲ!' ಈಗಲೂ ಫೋನ್ ಮಾಡಿದರೆ ಒಮ್ಮೊಮ್ಮೆ ಕೇಳುತ್ತಾರೆ, 'ಅವತ್ತು ಹದಿನಾರು ಜಾಸ್ತಿ ಆಯ್ತೇನೋ?'

ಭಾವನ ಕಥೆಯಲ್ಲೇ ಹಾಳೆ ಮುಗಿಯುತ್ತಾ ಬಂತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ.

ಮಗ ಚೆನ್ನಾಗಿ ದುಡಿಯುತ್ತಾನೆ, ಒಂದು ದಿನ ದೊಡ್ಡ ಕಡೆ ಕರೆದೊಯ್ಯುತ್ತಾನೆ ಅಂದರೆ, ಷ್ಟಾಟ್‌ಪಾರ್ಕ್ ಉದ್ಯಾನದಲ್ಲಿ 'ಷ್ಟೈರರೆಕ್' ಇದೆ. ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಅನ್ನುವ ಗೈಡ್ ಪುಸ್ತಕದಿಂದ 2025ರಲ್ಲಿ ಮೂರು ನಕ್ಷತ್ರ ಪಡೆದ ಜಾಗ. ಸಸ್ಯಾಹಾರಿಗಳಿಗೆ 'ಟಿಯಾನ್' ಇದೆ, ಬರೀ ತರಕಾರಿ ಅಡುಗೆಗೇ ನಕ್ಷತ್ರ ಗಿಟ್ಟಿಸಿದ್ದು. ಎರಡೂ ಕಡೆ ಮುಂಚಿತವಾಗಿಯೇ ಜಾಗ ಕಾದಿರಿಸಬೇಕು.

ಹಾಗಾದರೆ ರಾತ್ರಿ ಏನು ತಿನ್ನೋದು? ಸ್ವಲ್ಪವೇ ತಿನ್ನಿ. ಮಾಂಸ ತಿನ್ನುವವರಿಗೆ ಬೀದಿ ಬದಿಯ ಸಾಸೇಜ್ ಅಂಗಡಿ ಇದೆ, ನಿಂತೇ ತಿನ್ನುವುದು. ಉಳಿದವರು ಕಾಫಿ ಮನೆಗೆ ಹೋಗಿ. ಒಂದು 'ಮೆಲಾಂಜ್' ಹೇಳಿದರೆ ಪುಟ್ಟ ತಟ್ಟೆಯಲ್ಲಿ ಕಾಫಿ, ಜೊತೆಗೆ ಒಂದು ಲೋಟ ನೀರು. ಎರಡು ಗಂಟೆ ಕೂತರೂ ಏಳಿ ಅನ್ನುವವರಿಲ್ಲ. ಆ ನೀರು ನಲ್ಲಿಯದು, ಧೈರ್ಯವಾಗಿ ಕುಡಿಯಿರಿ. ಆಲ್ಪ್ಸ್ ಬೆಟ್ಟದ ಒರತೆ ನೀರು 1873ರಿಂದ ಕೊಳವೆಯಲ್ಲಿ ಊರಿಗೆ ಬರುತ್ತಿದೆ. ಬಾಟಲಿ ನೀರಿಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸಿಹಿಗೆ 'ಮರಿಲೆನ್‌ಕ್ನ್ಯೋಡೆಲ್' ಕೇಳಿ. ಆಪ್ರಿಕಾಟ್ ಹಣ್ಣು ಒಳಗಿಟ್ಟು ಬೇಯಿಸಿದ ಕಡುಬು. ವಿಯೆನ್ನಾದವರು ಅದನ್ನೇ ಮಧ್ಯಾಹ್ನದ ಊಟ ಅಂತ ತಿನ್ನುವುದೂ ಉಂಟು. ನೋಡಿ, ಮತ್ತೆ ಮಧ್ಯಾಹ್ನಕ್ಕೇ ಬಂದೆವು!

ಒಂದು ಮಾತು ಮರೆತಿದ್ದೆ. ಆ ಕರಿಹಲಗೆ ಶನಿವಾರ, ಭಾನುವಾರ ಇರುವುದಿಲ್ಲ. ಟಿಕೆಟ್ ಇನ್ನೂ ತೆಗೆಸಿಲ್ಲ ಅಂದರೆ ಇವತ್ತೇ ಮಗನಿಗೆ ಫೋನ್ ಮಾಡಿ, ವಿಯೆನ್ನಾವನ್ನು ವಾರದ ನಡುವೆ ಇಡು ಅಂತ ಹೇಳಿ.

ನಮಸ್ಕಾರ.