ಹಕ್ಕಿಗೊಂದು ಪೆಟ್ಟಿಗೆ, ನಮ್ಮ ಮಳೆಗೆ ತಕ್ಕ ಹಾಗೆ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದು ಕಣದಲ್ಲಿ ಕಾಫಿ ಒಣಗೋಕೆ ಶುರುವಾಯ್ತು ಅಂದ್ರೆ ನಮ್ಮನೇಲಿ ಗರಗಸ, ಉಳಿ ಹೊರಗೆ ಬರ್ತವೆ. ಪಂಜರದ ಹಕ್ಕಿಗಳಿಗೆ ಮೊಟ್ಟೆ ಇಡೋ ಪೆಟ್ಟಿಗೆ ಮಾಡೋ ಟೈಮು ಅದು. ನಾವೆಲ್ಲ ಲವ್ ಬರ್ಡ್ಸ್ ಅಂತ ಕರೀತೀವಲ್ಲ, ಆ ಹಸಿರು, ನೀಲಿ, ಹಳದಿ ಪುಟಾಣಿ ಗಿಳಿಗಳು, ಅವುಗಳ ಸರಿಯಾದ ಹೆಸರು ಬಡ್ಜಿ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಅದೇ ಬೇರೆ.

ಬಡ್ಜಿ ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ. ಅಲ್ಲಿ ನೀಲಗಿರಿ ಮರದ ಪೊಟರೆ ಒಳಗೆ ಮೊಟ್ಟೆ ಇಡುತ್ತೆ, ಹುಲ್ಲು ಕಡ್ಡಿ ತಂದು ಗೂಡು ಕಟ್ಟೋ ಅಭ್ಯಾಸನೇ ಇಲ್ಲ. 1840ರಲ್ಲಿ ಜಾನ್ ಗೌಲ್ಡ್ ಅನ್ನೋ ಪಕ್ಷಿತಜ್ಞರು ಇಂಗ್ಲೆಂಡಿಗೆ ಜೀವಂತ ತಗೊಂಡು ಹೋದ್ರು, ಆಮೇಲೆ ಪಂಜರದಿಂದ ಪಂಜರಕ್ಕೆ ಸಾಗಿ ಈಗ ನಮ್ಮ ಜಗಲಿಗೂ ಬಂದು ಕೂತಿದೆ. ಒಣ ನಾಡಿನ ಜೀವ ನಮ್ಮ ಕಕ್ಕಡದ, ಅಂದ್ರೆ ಜುಲೈ-ಆಗಸ್ಟ್ ಹೊತ್ತಿನ, ಮಳೇಲಿ ಬದುಕಬೇಕಲ್ವಾ, ಪೆಟ್ಟಿಗೆ ಮಾಡುವಾಗ ಮೊದಲು ಇದನ್ನ ಮನಸಲ್ಲಿಟ್ಕೋಬೇಕು.

ಸುಮಾರು ಜನ ಮಣ್ಣಿನ ಕುಡಿಕೆ ಕಟ್ತಾರೆ. ಕುಶಾಲನಗರದ ಕಡೆ ಬಿಸಿಲು ಜಾಸ್ತಿ, ಅಲ್ಲಿ ಪರವಾಗಿಲ್ಲ. ಮಡಿಕೇರಿ, ಭಾಗಮಂಡಲ ಕಡೆ ಆದ್ರೆ ಮಡಕೆ ಥಂಡಿ ಹೀರ್ಕೊಂಡು ತಣ್ಣಗೆ ಕೂತ್ಬಿಡುತ್ತೆ, ಕೈ ಒಳಗೆ ಹಾಕಿ ನೋಡಿದ್ರೆ ನಿಮಗೇ ಗೊತ್ತಾಗುತ್ತೆ, ಒಳಗೆ ತೊಳೆಯೋದೂ ಕಷ್ಟ. ಅದಕ್ಕೆ ನಾನು ಮರಾನೇ ಅನ್ನೋದು.

ತೋಟದಲ್ಲಿ ಹೇಗೂ ಸಿಲ್ವರ್ ಓಕ್ ಇರುತ್ತೆ, ಅದೂ ಆಸ್ಟ್ರೇಲಿಯಾದಿಂದಲೇ ಬಂದಿದ್ದು, ಹಕ್ಕಿಯ ಊರಿನ ಮರಾನೇ ಹಕ್ಕಿಗೆ ಮನೆ ಆಗೋದು ನಂಗೆ ಬಹಳ ಇಷ್ಟ. ಹಲಗೆ ಚೆನ್ನಾಗಿ ಒಣಗಿರಬೇಕು, ಗೆದ್ದಲಿಗೆ ಔಷಧಿ ಹೊಡೆದ ಮರ ಬೇಡವೇ ಬೇಡ. ಕುಯ್ಯುವಾಗ ಮೂಗಿಗೆ ಬಟ್ಟೆ ಕಟ್ಕೊಳ್ಳಿ, ಇದರ ಧೂಳು ಕೆಲವರಿಗೆ ಮೈ ಕೆರೆತ ತರುತ್ತೆ.

ಅಳತೆ ಹೇಳ್ತೀನಿ, ಬರ್ಕೊಳ್ಳಿ. ತಳ 6 ಇಂಚಿಗೆ 6 ಇಂಚು, ಎತ್ತರ 9 ಇಂಚು. ಬಾಗಿಲು ಅಂದ್ರೆ ಒಂದು ದುಂಡು ತೂತು, ಒಂದೂವರೆ ಇಂಚಿಂದು, ಮೇಲ್ಗಡೆ ಒಂದು ಮೂಲೆಗೆ ಬರಲಿ. ನಡುವೆ ಇಟ್ರೆ ಹೆಣ್ಣು ಹಕ್ಕಿ ನೇರ ಮೊಟ್ಟೆ ಮೇಲೇ ಧುಮುಕುತ್ತೆ. ತೂತಿನ ಕೆಳಗೆ ಹೊರಗಡೆ ಕೂರೋಕೆ ಒಂದು ಕಡ್ಡಿ. ಮೇಲಿನ ಅಂಚಿನ ಹತ್ರ ಗಾಳಿಗೆ ನಾಲ್ಕಾರು ಸಣ್ಣ ತೂತು. ಮುಚ್ಚಳಕ್ಕೆ ಹಿಂಜ್ ಹಾಕಿ, ತೆರೆದು ನೋಡೋಕೆ ಬರಬೇಕು. ಮೊಳೆ ಬದಲು ಸ್ಕ್ರೂ ಹಾಕಿದ್ರೆ ಬಿಚ್ಚಿ ತೊಳೆಯೋಕೂ ಸುಲಭ, ತುದಿ ಮಾತ್ರ ಒಳಗೆ ಚುಚ್ಚಬಾರದು. ಒಳಗೆ ಪೇಂಟು, ವಾರ್ನಿಷ್ ಏನೂ ಬೇಡ, ಹಕ್ಕಿಗಳು ಇಡೀ ದಿನ ಮರ ಕಡೀತಾ ಇರ್ತವೆ.

ಈಗ ತಳದ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಮೊದಲ ಪೆಟ್ಟಿಗೆಗೆ ನಾನು ಸಪಾಟು ತಳ ಹಾಕಿದ್ದೆ. ನೋಡೋಕೆ ಚೆಂದ ಇತ್ತು, ನಾಲ್ಕು ಮರಿ ಆಯ್ತು, ಖುಷಿಯೋ ಖುಷಿ. ಹತ್ತು ಹನ್ನೆರಡು ದಿನಕ್ಕೆ ನೋಡ್ತೀನಿ, ಒಂದು ಮರಿಯ ಎರಡು ಕಾಲೂ ಅಕ್ಕಪಕ್ಕಕ್ಕೆ ಚಾಚ್ಕೊಂಡಿದೆ, ಎದೆ ನೆಲಕ್ಕೆ ಊರಿದೆ, ಎದ್ದು ನಿಲ್ಲೋಕೆ ಒದ್ದಾಡ್ತಾ ಇದೆ. ನುಣುಪು ಹಲಗೆ ಮೇಲೆ ಕಾಲಿಗೆ ಹಿಡಿತ ಸಿಗಲ್ಲ, ಅಮ್ಮ ಮೇಲೆ ಕೂತಾಗ ಆ ಎಳೇ ಮೂಳೆ ಹಾಗೇ ಅಗಲಕ್ಕೆ ಬೆಳೆದುಬಿಡುತ್ತೆ. ಆ ಮರಿ ಕೊನೇವರೆಗೂ ಕಡ್ಡಿ ಮೇಲೆ ಕೂರಲಿಲ್ಲ. ಅದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಊರಿನ ಆಚಾರಿ ಅಣ್ಣ ಒಂದೂವರೆ ಇಂಚು ದಪ್ಪದ ತುಂಡು ಕೊಟ್ಟು, ನಡುವೆ ಅಂಗೈ ಕುಳಿ ಮಾಡಿದ ಹಾಗೆ ಉಳಿಯಲ್ಲಿ ಕೆತ್ತೋದು ತೋರಿಸಿಕೊಟ್ರು. ಆಳ ಮುಕ್ಕಾಲು ಇಂಚು ಸಾಕು. ಉಜ್ಜಿ ನುಣುಪು ಮಾಡಬೇಡಿ, ಉಳಿಯ ಗುರುತು ಒರಟಾಗಿ ಹಾಗೇ ಇರಲಿ, ಮರಿ ಕಾಲಿಗೆ ಅದೇ ಆಧಾರ. ಮೊಟ್ಟೆಗಳೂ ಮೂಲೆಗೆ ಉರುಳದೆ ನಡುವೆ ಒಟ್ಟಿಗೆ ಇರ್ತವೆ. ಮೇಲೆ ಒಂದಿಷ್ಟು ಒಣ ಮರದ ಹೆರೆ ಹಾಕಿ, ಪುಡಿ ಅಲ್ಲ. ಕಾಫಿ ಹೊಟ್ಟು ಪುಕ್ಕಟೆ ಸಿಗುತ್ತೆ ಅಂತ ಹಾಕೋರಿದ್ದಾರೆ, ದಯವಿಟ್ಟು ಬೇಡ, ನಮ್ಮ ತೇವಕ್ಕೆ ಬೇಗ ಬೂಸ್ಟು ಹಿಡಿಯುತ್ತೆ, ಹಕ್ಕಿಯ ಉಸಿರಿಗೆ ಅದು ಕೆಟ್ಟದ್ದು.

ಕಾಕಟೀಲ್, ಅಂದ್ರೆ ತಲೆ ಮೇಲೆ ಜುಟ್ಟಿರೋ ಇನ್ನೂ ಸ್ವಲ್ಪ ದೊಡ್ಡ ಗಿಳಿ, ಸಾಕಿದ್ರೆ ಪೆಟ್ಟಿಗೆ ಎಲ್ಲಾ ಕಡೆ 12 ಇಂಚು, ತೂತು 3 ಇಂಚು, ಉಳಿದಿದ್ದೆಲ್ಲ ಇದೇ ಥರ.

ಎರಡು ಜೋಡಿ ಇದ್ರೆ ಮೂರು ಪೆಟ್ಟಿಗೆ ಕಟ್ಟಿ, ಎಲ್ಲಾ ಒಂದೇ ಎತ್ತರಕ್ಕೆ. ಮೇಲಿನದ್ದು ನಂಗೆ ಬೇಕು ಅಂತ ಹೆಣ್ಣುಗಳು ರಕ್ತ ಬರೋ ಹಾಗೆ ಕಚ್ಚಾಡ್ತವೆ. ಅಡುಗೆಮನೆಯ ಸೌದೆ ಹೊಗೆ ಬರೋ ಕಡೆ ಬೇಡ. ಇರುವೆಗೆ ಪುಡಿ ಹಾಕೋ ಬದಲು ಪಂಜರದ ಕಾಲನ್ನ ನೀರಿನ ಬಟ್ಟಲಲ್ಲಿ ಇಡಿ.

ಹೆಣ್ಣಿಗೆ ಒಂದು ವರ್ಷ ತುಂಬಿರಬೇಕು, ಪಂಜರದಲ್ಲಿ ಸುಣ್ಣದಂಶಕ್ಕೆ ಕಟಲ್ ಬೋನ್, ಅಂದ್ರೆ ಕಟಲ್ ಫಿಶ್ ಅನ್ನೋ ಸಮುದ್ರ ಜೀವಿಯ ಬಿಳೀ ಚಿಪ್ಪು, ಇರಬೇಕು, ಇಲ್ಲಾಂದ್ರೆ ಚಳಿಗೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಹಕ್ಕಿ ಸಾಯಬಹುದು. ಪೆಟ್ಟಿಗೆ ಕಟ್ಟಿದ ಮೊದಲ ದಿನ ಹೆಣ್ಣು ತೂತಿನೊಳಗೆ ಬರೀ ತಲೆ ಹಾಕಿ ಬಾಲ ಬಿಚ್ಚಿ ನೋಡುತ್ತೆ, ಆಮೇಲೆ ತೂತಿನ ಅಂಚನ್ನೆಲ್ಲ ಕಡಿದು ತನಗೆ ಬೇಕಾದ ಹಾಗೆ ಮಾಡ್ಕೊಳ್ಳುತ್ತೆ, ಕಡಿಯಲಿ ಬಿಡಿ. ದಿನ ಬಿಟ್ಟು ದಿನ ಒಂದೊಂದು, ಒಟ್ಟು ನಾಲ್ಕರಿಂದ ಆರು ಮೊಟ್ಟೆ. ಒಂದೊಂದಕ್ಕೂ ಸುಮಾರು 18 ದಿನದ ಕಾವು. ಅದಕ್ಕೇ ದೊಡ್ಡ ಮರಿಗೆ ಪುಕ್ಕದ ಮುಳ್ಳು ಮೂಡುವಾಗ ಚಿಕ್ಕದು ಇನ್ನೂ ಕಣ್ಣು ಬಿಡದ ಗುಲಾಬಿ ಮುದ್ದೆ. ಗಂಡು ಹೊರಗೆ ಕೂತು ತೂತಿನಿಂದ ಅಮ್ಮನಿಗೆ ತುತ್ತು ಕೊಡುತ್ತೆ. ತಿಂಗಳು ದಾಟಿದ ಮೇಲೆ ಮರಿಗಳು ಹೊರಗೆ ಬರ್ತವೆ.

ಇನ್ನೊಂದು ಮಾತು, ಮರಗಸಿ, ಅಂದ್ರೆ ತೋಟದ ನೆರಳು ಮರದ ಕೊಂಬೆ ಸವರೋ ಕೆಲಸ, ಮಾಡುವಾಗ ಪೊಟರೇಲಿ ಕಾಡುಗಿಳಿ ಮರಿ ಸಿಕ್ರೆ ಪೆಟ್ಟಿಗೆ ಇದೆಯಲ್ಲ ಅಂತ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ದೇಶದ ಗಿಳಿ ಸಾಕೋದು ಅಪರಾಧ. ಆ ಕೊಂಬೆ ಒಂದನ್ನ ಬಿಟ್ಟು ಉಳಿದಿದ್ದನ್ನ ಸವರೋಕೆ ಹೇಳಿ, ಮರಿ ಹಾರಿಹೋದ ಮೇಲೆ ಕಡಿದ್ರಾಯ್ತು.

ಎರಡು ಸಲ ಮರಿ ಆದ್ರೆ ಆ ವರ್ಷಕ್ಕೆ ಸಾಕು. ಮೇ ಮುಗಿಯೋದ್ರೊಳಗೆ, ಮಳೆ ಹಿಡಿಯೋಕೆ ಮುಂಚೆ, ಪೆಟ್ಟಿಗೆ ಇಳಿಸಿ, ಕುದಿಯೋ ನೀರು ಹುಯ್ದು ಉಜ್ಜಿ, ಮೂರ್ನಾಲ್ಕು ದಿನ ಬಿಸಿಲಲ್ಲಿ ಮುಚ್ಚಳ ತೆರೆದಿಟ್ಟು ಅಟ್ಟಕ್ಕೆ ಹಾಕಿ. ಇನ್ನೇನಿದ್ರೂ ಮುಂದಿನ ಹುತ್ತರಿಗೆ. ನಮಸ್ಕಾರ.