ಎಟಿವಿ ಹಿಂದಿನ ಟೈರ್: ಹಿಡಿಯಲೂ ಬೇಕು, ಜಾರಲೂ ಬೇಕು

[ದೃಶ್ಯ: ಪಾಂಡವಪುರದ ಕಡೆ ಕೊಯ್ಲು ಮುಗಿದ ಹೊಲ. ಟಾಟಾ ಏಸ್‌ನಿಂದ ಎಟಿವಿ ಇಳಿಸುತ್ತಿದ್ದಾರೆ. ಕ್ಯಾಮೆರಾ ಹಿಂದಿನ ಚಕ್ರದ ಹತ್ತಿರ ಹೋಗುತ್ತದೆ.]

ನಮಸ್ಕಾರ. ಎಟಿವಿ ಅಂದರೆ ಮಣ್ಣಿನ ದಾರಿಯಲ್ಲಿ ಓಡಿಸುವ, ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ. ರೇಸ್‌ಗೆ ಎಟಿವಿ ರೆಡಿ ಮಾಡುವವರು ಮೊದಲು ಕೇಳುವುದು ಒಂದೇ: "ಎಲ್ಲಕ್ಕಿಂತ ಜಾಸ್ತಿ ಗ್ರಿಪ್ ಇರುವ ಹಿಂದಿನ ಟೈರ್ ಯಾವುದು?" ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಎಷ್ಟು ಗ್ರಿಪ್ ಬೇಕು? ಯಾವ ದಿಕ್ಕಿಗೆ ಬೇಕು? ನೇರ ಹೋಗುವಾಗ ಹಿಂದಿನ ಟೈರ್ ಮಣ್ಣನ್ನು ಕಚ್ಚಿ ಹಿಡಿಯಬೇಕು. ತಿರುವಿನಲ್ಲಿ ಅದೇ ಟೈರ್ ಒಂದಿಷ್ಟು ಜಾರಿಕೊಡಬೇಕು.

ಜಾರಬೇಕಾ? ಹೌದು. ಇಲ್ಲಿ ನೋಡಿ.

[ದೃಶ್ಯ: ಹಿಂಭಾಗ ಜ್ಯಾಕ್ ಮೇಲೆ. ಒಂದು ಚಕ್ರ ಕೈಯಲ್ಲಿ ತಿರುಗಿಸಿದರೆ ಇನ್ನೊಂದೂ ಅಷ್ಟೇ ತಿರುಗುತ್ತದೆ.]

ರೇಸ್ ಎಟಿವಿಯ ಹಿಂದೆ ಇರುವುದು ಒಂದೇ ಗಟ್ಟಿ ಆಕ್ಸಲ್. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕಾರಿನಲ್ಲಿ ಇರುತ್ತದೆ, ಇಲ್ಲಿಲ್ಲ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ಈಗ ಒಂದು ಲೆಕ್ಕ ಹಾಕೋಣ. ಎರಡು ಚಕ್ರಗಳ ನಡುವೆ 1 ಮೀಟರ್ ಅಂತರ ಇದೆ ಅಂದುಕೊಳ್ಳಿ. ಗಾಡಿ ಯೂ ಟರ್ನ್ ಹೊಡೆದರೆ ಹೊರಗಿನ ಚಕ್ರ ಒಳಗಿನದಕ್ಕಿಂತ 3 ಮೀಟರ್‌ಗೂ ಸ್ವಲ್ಪ ಜಾಸ್ತಿ ದೂರ ಓಡಬೇಕು. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಈ 3 ಮೀಟರ್ ಬದಲಾಗುವುದಿಲ್ಲ. ಆದರೆ ಆಕ್ಸಲ್ ಎರಡನ್ನೂ ಸಮನಾಗಿಯೇ ಓಡಿಸುತ್ತದೆ. ಹಾಗಾದರೆ ಆ 3 ಮೀಟರ್ ಎಲ್ಲಿಗೆ ಹೋಯಿತು? ಯಾವುದಾದರೂ ಒಂದು ಟೈರ್ ಮಣ್ಣಿನ ಮೇಲೆ ಉಜ್ಜಿಕೊಂಡು ಅದನ್ನು ಸರಿಮಾಡಬೇಕು. ಇಲ್ಲದಿದ್ದರೆ ಒಳಗಿನ ಚಕ್ರ ನೆಲ ಬಿಟ್ಟು ಮೇಲೇಳಬೇಕು.

ಹಿಂದಿನ ಎರಡೂ ಟೈರ್ ಬಿಡದೆ ಕಚ್ಚಿಕೊಂಡರೆ ನೀವು ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರವಾಗಿಯೇ ನುಗ್ಗುತ್ತದೆ. ಇನ್ನೂ ಕೆಟ್ಟದ್ದು ಅಂದರೆ, ಪಕ್ಕಕ್ಕೆ ಜಾರಬೇಕಾದ ಹೊತ್ತಿನಲ್ಲಿ ಹೊರಗಿನ ಟೈರ್ ಗಟ್ಟಿಯಾಗಿ ಹಿಡಿದುಬಿಟ್ಟರೆ ಗಾಡಿ ಮಗುಚುತ್ತದೆ. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

[ದೃಶ್ಯ: ಟೈರ್ ಪಕ್ಕದ ಬರಹ, ಹತ್ತಿರದಿಂದ.]

ಟೈರ್ ಮೇಲಿನ ನಂಬರ್ ಬೇಗ ಮುಗಿಸೋಣ. 20x11-9 ಅಂದರೆ ಎತ್ತರ 20 ಇಂಚು, ಅಗಲ 11 ಇಂಚು, ರಿಮ್ 9 ಇಂಚು. ಕಾಡುದಾರಿ, ಕಲ್ಲು ಇರುವ ಕ್ರಾಸ್ ಕಂಟ್ರಿ ರೇಸ್‌ನಲ್ಲಿ ಹಿಂದಕ್ಕೆ ಸಾಮಾನ್ಯವಾಗಿ ಇದನ್ನು ಹಾಕುತ್ತಾರೆ. ಜಿಗಿತ ಜಾಸ್ತಿ ಇರುವ ಮೋಟೋಕ್ರಾಸ್‌ಗೆ 18x10-8. ಪ್ಲೈ ರೇಟಿಂಗ್ ಅಂದರೆ ಟೈರ್ ಒಡಲಿನ ಬಲದ ಅಳತೆ. ಅದು ಜಾಸ್ತಿ ಆದಷ್ಟೂ ಟೈರ್ ಗಟ್ಟಿ, ತೂಕವೂ ಜಾಸ್ತಿ. ಎನ್‌ಎಚ್‌ಎಸ್ ಅಂತ ಬರೆದಿದ್ದರೆ ಅದು ಹೆದ್ದಾರಿಗೆ ಮಾಡಿದ ಟೈರ್ ಅಲ್ಲ. ಅದಕ್ಕೇ ಗಾಡಿ ಟಾಟಾ ಏಸ್ ಮೇಲೆ ಬಂದಿದ್ದು.

ದೊಡ್ಡ ಟೈರ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. 20 ಇಂಚಿನ ಟೈರ್ ಒಂದು ಸುತ್ತಿಗೆ ಸುಮಾರು 160 ಸೆಂಟಿಮೀಟರ್ ಓಡುತ್ತದೆ. 22 ಇಂಚಿನದು ಸುಮಾರು 175. ಅಂದರೆ ಚೈನ್ ಓಡುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಮುಟ್ಟದೆಯೇ ನೀವು ಗೇರಿಂಗ್ ಅನ್ನು 10 ಪರ್ಸೆಂಟ್ ಬದಲಾಯಿಸಿದಂತಾಯಿತು. ಗಾಡಿ ಕಿತ್ತುಕೊಂಡು ಹೋಗುವ ಜೋರು ಅಷ್ಟು ಕಡಿಮೆ. ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಗಾಡಿ ಕಟ್ಟುವ ಇಂಜಿನಿಯರಿಂಗ್ ಕಾಲೇಜು ಹುಡುಗ ಹುಡುಗಿಯರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಅಲ್ಲಿ ವರ್ಷಗಳ ಕಾಲ ಎಲ್ಲ ತಂಡಕ್ಕೂ ಒಂದೇ ಎಂಜಿನ್: 305 ಸಿಸಿ, 10 ಅಶ್ವಶಕ್ತಿ. ಅಷ್ಟು ಸಣ್ಣ ಎಂಜಿನ್‌ಗೆ ಭಾರದ ದೊಡ್ಡ ಟೈರ್ ಕಟ್ಟಿದರೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

[ದೃಶ್ಯ: ಕೈಯಲ್ಲಿ ಮೂರು ಬಗೆಯ ಮಣ್ಣು.]

ಈಗ ಮಣ್ಣು. ಟೈರ್ ಆರಿಸುವುದು ಇಲ್ಲಿಂದ ಶುರುವಾಗಬೇಕು. ಅಂಗಡಿಯಿಂದ ಅಲ್ಲ.

ಮೊದಲನೆಯದು ನಮ್ಮ ಕೆಂಪು ಮಣ್ಣು. ಮೈಸೂರು ಸುತ್ತಮುತ್ತ ಬೇಸಿಗೆಯಲ್ಲಿ ಇದು ಕಾಂಕ್ರೀಟ್ ತರ ಬಿಗಿದುಕೊಳ್ಳುತ್ತದೆ. ಮೇಲೆ ತೆಳುವಾಗಿ ದೂಳು, ಗರಸು. ಟೈರ್ ಮೇಲೆ ಉಬ್ಬಿರುವ ರಬ್ಬರ್ ಗಟ್ಟಿಗೆ ಬಟನ್ ಅನ್ನುತ್ತೇವೆ. ಇಂಥ ನೆಲಕ್ಕೆ ಎತ್ತರದ ಬಟನ್ ಇರುವ ಟೈರ್ ಹಾಕಿದರೆ ಬಟನ್ ನೆಲದೊಳಗೆ ಇಳಿಯುವುದೇ ಇಲ್ಲ. ತುದಿಯ ಮೇಲೆ ನಿಂತು ಬಾಗುತ್ತದೆ, ಗಾಡಿ ತೇಲಿದ ಹಾಗೆ ಆಗುತ್ತದೆ. ಇಲ್ಲಿ ಬೇಕಾಗಿರುವುದು ಗಿಡ್ಡ ಬಟನ್, ಒಂದಕ್ಕೊಂದು ಹತ್ತಿರ ಇರುವ ಬಟನ್, ಮೆತ್ತಗಿನ ರಬ್ಬರ್. ಮೆತ್ತಗಿನ ರಬ್ಬರ್ ಬೇಗ ಸವೆಯುತ್ತದೆ, ಅದು ಸರಿ. ರೇಸ್ ಟೈರ್ ಇರುವುದೇ ಸವೆಯಲಿಕ್ಕೆ.

ಎರಡನೆಯದು ಎರೆ ಮಣ್ಣು. ನಂಜನಗೂಡು, ತಿ. ನರಸೀಪುರ ಕಡೆಯವರಿಗೆ ನಾನೇನೂ ಹೇಳಬೇಕಾಗಿಲ್ಲ. ಒಂದು ಮಳೆ ಬಿದ್ದ ಮೇಲೆ ಎರೆ ಹೊಲ ದಾಟಿದರೆ ಚಪ್ಪಲಿ ತೂಕ ಎರಡರಷ್ಟು ಆಗುತ್ತದಲ್ವಾ, ಟೈರ್‌ಗೂ ಹಾಗೇ ಆಗುತ್ತದೆ. ಬಟನ್‌ಗಳ ಸಂದಿಯಲ್ಲಿ ಮಣ್ಣು ಮೆತ್ತಿಕೊಂಡರೆ ಬಟನ್ ಇದ್ದೂ ಇಲ್ಲದಂತೆ. ಸಾವಿರಾರು ರೂಪಾಯಿ ಕೊಟ್ಟ ಟೈರ್ ಬೋಳು ಟೈರ್ ತರ ಜಾರುತ್ತದೆ. ಹಾಗಾಗಿ ಕೆಸರಿಗೆ ಟೈರ್ ನೋಡುವಾಗ ಬಟನ್‌ಗಿಂತ ಮೊದಲು ಸಂದಿ ನೋಡಿ. ಬಟನ್ ದೂರ ದೂರ ಇರಬೇಕು. ಮೆತ್ತಿದ ಮಣ್ಣು ಚಕ್ರ ಜೋರಾಗಿ ತಿರುಗಿದಾಗ ಹಾರಿ ಹೋಗಬೇಕು. ಕೆಸರಿನಲ್ಲಿ ಅನುಭವಸ್ಥರು ಥ್ರಾಟಲ್ ಪೂರ್ತಿ ಬಿಡದೆ ಇರುವುದು ಇದಕ್ಕೇ. ಚಕ್ರ ನಿಧಾನವಾದರೆ ಟೈರ್ ತನ್ನನ್ನು ತಾನು ಕ್ಲೀನ್ ಮಾಡಿಕೊಳ್ಳುವುದಿಲ್ಲ.

ನಾಟಿಗೆ ಮುಂಚೆ ಮಂಡ್ಯ, ಮದ್ದೂರು ಕಡೆ ನಾಲೆ ಬಯಲಿನ ಗದ್ದೆಗೆ ಇಳಿಯುವ ಟ್ರ್ಯಾಕ್ಟರ್ ನೋಡಿ. ಹಿಂದೆ ಕೇಜ್ ವೀಲ್ ಹಾಕಿರುತ್ತಾರೆ. ಅದರಲ್ಲಿ ರಬ್ಬರೇ ಇಲ್ಲ. ಬರೀ ಕಬ್ಬಿಣದ ಪಟ್ಟಿ, ನಡುವೆ ದೊಡ್ಡ ದೊಡ್ಡ ಸಂದಿ. ನೀರು ನಿಂತ ಕೆಸರಿನಲ್ಲಿ ಅದು ಆರಾಮಾಗಿ ಎಳೆಯುತ್ತದೆ. ರೈತರು ಇದನ್ನು ಬಳಸಿಯೇ ಕಲಿತವರು, ಯಾವ ಕ್ಯಾಟಲಾಗ್ ನೋಡಿ ಅಲ್ಲ.

ಮೂರನೆಯದು ಮರಳು. ಮರಳಿಗೆ ಪ್ಯಾಡಲ್ ಟೈರ್ ಅಂತ ಬೇರೆಯೇ ಇದೆ, ಹುಟ್ಟಿನ ಹಾಗೆ ಅಡ್ಡ ಪಟ್ಟಿ ಇರುವಂಥದ್ದು. ನಮ್ಮ ಕಡೆ ರೇಸ್‌ಗೆ ಅದು ಬೇಕಾಗಿಲ್ಲ. ಕಾವೇರಿ ದಡದಲ್ಲಿ ಎಟಿವಿ ಓಡಿಸುವ ಐಡಿಯಾ ಇದ್ದರೆ ಅದನ್ನು ಇಲ್ಲೇ ಬಿಟ್ಟುಬಿಡಿ.

ಇನ್ನೊಂದು ಮಾತು. ಮಂಡ್ಯದ ಹೊಲದಲ್ಲಿ ಟ್ರ್ಯಾಕ್ ಮಾಡುವವರು ಕಬ್ಬಿನ ಕೂಳೆ ಮರೆಯಬೇಡಿ. ಕಟಾವಾದ ಕೂಳೆ ಟೈರ್ ಪಕ್ಕಕ್ಕೆ ಚಾಕುವಿನಂತೆ ಇಳಿಯುತ್ತದೆ. ಬದುವಿನಲ್ಲಿ ಜಾಲಿ ಮುಳ್ಳು ಬೇರೆ. ಇಂಥ ಕಡೆ 6 ಪ್ಲೈ ಟೈರ್, ಒಳಗೆ ತೂತು ಮುಚ್ಚುವ ಸೀಲೆಂಟ್. ಸ್ವಲ್ಪ ಭಾರ ಆದರೂ ರೇಸ್ ಮುಗಿಸಬಹುದು.

[ದೃಶ್ಯ: ಹೆದ್ದಾರಿ ಪಕ್ಕದ ಪಂಕ್ಚರ್ ಅಂಗಡಿ.]

"ಅಣ್ಣ, ಹಿಂದಿನ ಎರಡಕ್ಕೂ ಐದು ಹಾಕಿ."

"ಐವತ್ತಾ ಸಾ?"

"ಇಲ್ಲ ಅಣ್ಣ, ಐದು. ಬರೀ ಐದು."

"ಐದ್ ಹಾಕುದ್ರೆ ಗಾಳಿ ಹೊಡ್ದಂಗೇ ಇರಲ್ವಲ್ಲ ಸಾ!"

ಅವರು ಹೇಳಿದ್ದು ಅವರ ಮಟ್ಟಿಗೆ ಸರಿ. ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ. ಅವರ ಗೇಜ್‌ನಲ್ಲಿ 5 ಪಿಎಸ್‌ಐ ಅಂದರೆ ಮುಳ್ಳು ಅಲುಗಾಡಿದರೆ ಹೆಚ್ಚು. ಎಟಿವಿಗೆ 0ಯಿಂದ 15ರವರೆಗೆ ಮಾತ್ರ ತೋರಿಸುವ ಲೋ ಪ್ರೆಷರ್ ಗೇಜ್ ಬೇಕೇ ಬೇಕು. ಹೊಸ ಟೈರ್‌ಗೆ ದುಡ್ಡು ಹೊಂದಿಸುವ ಮೊದಲು ಇದನ್ನು ತಗೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ? ಹಿಂದಿನ ಒಂದು ಚಕ್ರದ ಮೇಲೆ 70 ಕೆಜಿ ಭಾರ ಬೀಳುತ್ತದೆ ಅಂದುಕೊಳ್ಳಿ. 8 ಪಿಎಸ್‌ಐ ಇದ್ದರೆ ಟೈರ್ ನೆಲಕ್ಕೆ ತಾಗುವ ಜಾಗ ಲೆಕ್ಕಕ್ಕೆ ಸುಮಾರು 125 ಚದರ ಸೆಂಟಿಮೀಟರ್. 5 ಪಿಎಸ್‌ಐ ಮಾಡಿದರೆ ಸುಮಾರು 200. ಟೈರ್ ಪಕ್ಕದ ಬಿಗಿತದಿಂದ ನಿಜವಾದ ಅಳತೆ ಸ್ವಲ್ಪ ಕಡಿಮೆ ಬರುತ್ತದೆ. ಆದರೂ ಬರೀ 3 ಪಿಎಸ್‌ಐ ಇಳಿಸಿ ಸಿಗುವ ಇಷ್ಟು ವ್ಯತ್ಯಾಸ ಯಾವ ಹೊಸ ಟೈರ್ ಕೊಡುತ್ತದೆ ಹೇಳಿ?

ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಬೆಳಗ್ಗೆ ತಂಪಿನಲ್ಲಿ 5 ಇಟ್ಟ ಟೈರ್ ಮಧ್ಯಾಹ್ನದ ರೇಸ್‌ನಲ್ಲಿ 20 ಡಿಗ್ರಿ ಬಿಸಿಯಾದರೆ ಪ್ರೆಷರ್ ಒಂದೂಕಾಲು ಪಿಎಸ್‌ಐನಷ್ಟು ಏರುತ್ತದೆ. ಕಾರಿನ 33 ಪಿಎಸ್‌ಐ ಮುಂದೆ ಇದು ಏನೂ ಅಲ್ಲ. 5ರ ಮುಂದೆ ಕಾಲು ಭಾಗ! ಆದ್ದರಿಂದ ಸ್ಟಾರ್ಟ್ ಲೈನ್‌ಗೆ ಹೋಗುವ ಮುಂಚೆ ಇನ್ನೊಮ್ಮೆ ನೋಡಿ.

ತೀರಾ ಇಳಿಸಿದರೂ ಕಷ್ಟ. ಕಲ್ಲಿಗೆ ಬಡಿದಾಗ ರಿಮ್ ಬಗ್ಗುತ್ತದೆ, ತಿರುವಿನಲ್ಲಿ ಟೈರ್ ಬೀಡ್, ಅಂದರೆ ರಿಮ್‌ಗೆ ಕೂರುವ ಒಳ ಅಂಚು, ರಿಮ್ ಬಿಟ್ಟು ಬರುತ್ತದೆ. ಈ ಅಂಚನ್ನು ಬಿಗಿದು ಹಿಡಿಯುವ ಬೀಡ್‌ಲಾಕ್ ರಿಮ್ ಇರುವವರು ಸ್ವಲ್ಪ ಧೈರ್ಯವಾಗಿ ಇಳಿಸಬಹುದು. ಉಳಿದವರು 6ರಿಂದ ಶುರುಮಾಡಿ, ಅರ್ಧರ್ಧ ಇಳಿಸುತ್ತಾ ಹೋಗಿ. ಬೀಡ್ ಕೂರಿಸುವಾಗ ಎಷ್ಟರವರೆಗೆ ಗಾಳಿ ಹೊಡೆಯಬಹುದು ಅನ್ನುವುದು ಟೈರ್ ಪಕ್ಕದಲ್ಲೇ ಬರೆದಿರುತ್ತದೆ. ಅದನ್ನು ದಾಟಬೇಡಿ. ಟೈರ್ ಸಿಡಿದರೆ ಕೈ ಉಳಿಯುವುದಿಲ್ಲ.

[ದೃಶ್ಯ: ಹಳೇ ಟೈರ್, ಗ್ರೂವಿಂಗ್ ಮಷಿನ್, ಚಾಕ್‌ಪೀಸ್.]

ಈಗ ಕಟಿಂಗ್, ಅಂದರೆ ಟೈರ್‌ನ ಬಟನ್‌ಗಳನ್ನು ನಮಗೆ ಬೇಕಾದಂತೆ ಕೊಯ್ದುಕೊಳ್ಳುವುದು. ಲಾರಿ ಟೈರ್‌ಗೆ ಬಿಸಿ ಬ್ಲೇಡ್‌ನಲ್ಲಿ ಗ್ರೂವ್ ಹೊಡೆಯುವವರನ್ನು ನೀವು ನೋಡಿರುತ್ತೀರಿ. ಇಲ್ಲಿ ಬಳಸುವುದೂ ಅಂಥದ್ದೇ ಮಷಿನ್. ಆದರೆ ಒಂದು ಎಚ್ಚರಿಕೆ. ನಿಮ್ಮ ಬೈಕ್, ಕಾರಿನ ಬೋಳು ಟೈರ್‌ಗೆ ಇದನ್ನು ಮಾಡಿಸಬೇಡಿ. ರೀಗ್ರೂವಬಲ್ ಅಂತ ಬರೆದ ಭಾರಿ ವಾಹನದ ಟೈರ್‌ಗಳಲ್ಲಿ ಅದಕ್ಕೆಂದೇ ಹೆಚ್ಚು ರಬ್ಬರ್ ಇರುತ್ತದೆ, ಬೇರೆಯದರಲ್ಲಿ ಇರುವುದಿಲ್ಲ. ಮೈಸೂರಿನವರಿಗೆ ಟೈರ್ ವಿಷಯ ಹೇಳಿಕೊಡುವುದಕ್ಕೆ ನನಗೆ ಸ್ವಲ್ಪ ಮುಜುಗರವೇ. ವಿಕ್ರಾಂತ್ ಟೈರ್ಸ್ ಇದ್ದ ಊರು ಇದು. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋದ ಮೇಲೂ ಇಲ್ಲಿ ಎಷ್ಟೋ ಮನೆಗಳಲ್ಲಿ ಟೈರ್ ಫ್ಯಾಕ್ಟರಿಯಲ್ಲಿ ದುಡಿದವರಿದ್ದಾರೆ. ಅವರನ್ನು ಕೇಳಿದರೆ ಕೇಸಿಂಗ್, ಅಂದರೆ ರಬ್ಬರ್ ಒಳಗಿನ ದಾರದ ಒಡಲು, ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕಟಿಂಗ್‌ನ ಸೂತ್ರ ಇದು. ಬಟನ್‌ನ ಅಡ್ಡ ಅಂಚು ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಉದ್ದ ಅಂಚು ಗಾಡಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಮುಂದಕ್ಕೆ ಹಿಡಿತ ಬೇಕಾದರೆ ನಡುವಿನ ಅಗಲವಾದ ಬಟನ್‌ಗಳಿಗೆ ಅಡ್ಡ ಗ್ರೂವ್ ಹೊಡೆಯಿರಿ. ಒಂದು ಬಟನ್‌ಗೆ ಎರಡು ಅಂಚು ಸಿಕ್ಕಿದಂತಾಯಿತು. ತಿರುವಿನಲ್ಲಿ ಗಾಡಿ ಜಾರದೆ ಒದ್ದಾಡುತ್ತಿದ್ದರೆ ಹೊರ ಸಾಲಿನ ಬಟನ್‌ಗಳ ಚೂಪಾದ ಅಂಚನ್ನು ಸ್ವಲ್ಪ ಕೆರೆದು ದುಂಡಗೆ ಮಾಡಿ. ಎರಡೂ ಟೈರ್‌ಗೂ ಒಂದೇ ತರ. ಒಂದಕ್ಕೆ ಮಾಡಿ ಇನ್ನೊಂದು ಬಿಟ್ಟರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಕೆಸರಿಗೆ ಬೇಕಾದರೆ ಒಂದು ಬಿಟ್ಟು ಒಂದು ಬಟನ್ ಪೂರ್ತಿ ತೆಗೆಯುವವರಿದ್ದಾರೆ. ಸಂದಿ ದೊಡ್ಡದಾಗುತ್ತದೆ, ಮಣ್ಣು ಹಾರುತ್ತದೆ. ಆದರೆ ಅದೇ ಟೈರ್ ಒಣ ನೆಲಕ್ಕೆ ಬಂದರೆ ಉಳಿದ ಬಟನ್‌ಗಳ ಮೇಲೆ ಪೂರ್ತಿ ಭಾರ ಬಿದ್ದು ಬೇಗ ಕಿತ್ತುಬರುತ್ತವೆ. ಅದು ವಾಪಸ್ ಬರುವ ಕೆಲಸ ಅಲ್ಲ. ಅದಕ್ಕೇ ಮೊದಲು ಚಾಕ್‌ಪೀಸ್‌ನಲ್ಲಿ ಗುರುತು ಹಾಕಿಕೊಳ್ಳಿ.

ಗಟ್ಟಿ ಕೆಂಪು ನೆಲಕ್ಕೆ ನನಗೆ ಇಷ್ಟವಾದದ್ದು ಸೈಪಿಂಗ್. ರಬ್ಬರ್ ತೆಗೆಯದೆ ಬಟನ್ ಮೇಲೆ ತೆಳುವಾದ ಸೀಳು ಮಾತ್ರ ಹಾಕುವುದು. ಬಟನ್ ಎತ್ತರದ ಅರ್ಧಕ್ಕಿಂತ ಆಳ ಬೇಡ. ಸೀಳಿದ ಬಟನ್ ಸ್ವಲ್ಪ ಬಾಗಿ ನೆಲಕ್ಕೆ ಕೂರುತ್ತದೆ. ಆಳ ಜಾಸ್ತಿ ಆದರೆ ಚೂರು ಚೂರಾಗಿ ಹರಿಯುತ್ತದೆ.

ಯಾವ ಕಟಿಂಗ್ ಆದರೂ ಒಳಗಿನ ದಾರ ಕಾಣುವ ಮಟ್ಟಕ್ಕೆ ಇಳಿಯಬಾರದು. ಕಂಡರೆ ಆ ಟೈರ್ ಮುಗಿಯಿತು. ಮಷಿನ್‌ನಲ್ಲಿ ಬ್ಲೇಡ್ ಆಳ ಸೆಟ್ ಮಾಡಿಯೇ ಶುರುಮಾಡಿ. ಬಯಲಲ್ಲಿ ಕೂತು ಮಾಡಿ, ರಬ್ಬರ್ ಸುಟ್ಟ ಹೊಗೆ ಕುಡಿಯಬೇಡಿ. ಕೈಗೆ ದಪ್ಪ ಗ್ಲೌಸ್.

ಖರ್ಚಿಲ್ಲದ ಒಂದು ಉಪಾಯವೂ ಇದೆ. ಬಟನ್‌ನ ಮುಂದಿನ ಅಂಚು ಸವೆದು ದುಂಡಗಾಗಿದ್ದರೆ, ಟೈರ್ ಮೇಲೆ ಬಾಣದ ಗುರುತು ಇಲ್ಲದಿದ್ದರೆ, ಎಡ ಚಕ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ತಿರುಗುವ ದಿಕ್ಕು ಬದಲಾಗಿ ಸವೆಯದ ಅಂಚು ಮುಂದಕ್ಕೆ ಬರುತ್ತದೆ. ಟೈರ್ ಬಿಚ್ಚುವುದೂ ಬೇಡ.

[ದೃಶ್ಯ: ಓಡಿಸಿದ ಮೇಲೆ ಟೈರ್ ಹತ್ತಿರದಿಂದ. ಪಕ್ಕದಲ್ಲಿ ಸ್ಟಾಪ್‌ವಾಚ್, ನೋಟ್‌ಬುಕ್.]

ಟೆಸ್ಟ್ ಮಾಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರೆಷರ್ ಇಳಿಸಿ, ಟೈರ್ ಕೊಯ್ದು, ಸ್ಪ್ರಾಕೆಟ್ ಬದಲಿಸಿ, ಆಮೇಲೆ "ಗಾಡಿ ಚೆನ್ನಾಗಾಯ್ತು" ಅಂದರೆ ಯಾವುದರಿಂದ ಅಂತ ಯಾರಿಗೆ ಗೊತ್ತು? ನಿಂತಲ್ಲಿಂದ 20 ಮೀಟರ್ ಎಳೆಯಲು ಎಷ್ಟು ಹೊತ್ತು, ಒಂದೇ ತಿರುವಿಗೆ ಎಷ್ಟು ಹೊತ್ತು, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಎಷ್ಟೋ ಸಲ ಮೊದಲನೆಯದು ಚೆನ್ನಾಗಿ, ಎರಡನೆಯದು ಹಾಳಾಗಿರುತ್ತದೆ. ಆಗ ಹಿಂದೆ ಗ್ರಿಪ್ ಜಾಸ್ತಿ ಆಯಿತು ಅಂತ ಅರ್ಥ.

ಟೈರ್ ಕೂಡ ಹೇಳುತ್ತದೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡು ಅಂಚು ಸವೆದಿದ್ದರೆ ಕಡಿಮೆ. ಬಟನ್ ಬುಡದಲ್ಲಿ ಬಿರುಕು ಕಂಡರೆ ಕಟಿಂಗ್ ಆಳವಾಯಿತು, ಇಲ್ಲವೇ ಈ ನೆಲಕ್ಕೆ ಬಟನ್ ತುಂಬಾ ಎತ್ತರ.

ಮೈಸೂರು, ಮಂಡ್ಯದ ಒಣ ಕೆಂಪು ನೆಲಕ್ಕೆ ಹೊಸದಾಗಿ ಶುರುಮಾಡುವವರು 20x11-9 ಅಳತೆಯ, ಗಿಡ್ಡ ಬಟನ್‌ನ, 6 ಪ್ಲೈ ಟೈರ್ ಹಾಕಿ. 6 ಪಿಎಸ್‌ಐ ಇಟ್ಟು ಓಡಿಸಿ ನೋಡಿ. ಮೊದಲ ಜೊತೆ ಸವೆಯುವವರೆಗೆ ಬ್ಲೇಡ್ ಮುಟ್ಟಬೇಡಿ. ಸವೆದ ಮೇಲೆ ಅದೇ ಟೈರ್ ಮೇಲೆ ಕಟಿಂಗ್ ಕಲಿಯಿರಿ. ಇನ್ನು ರೇಸ್‌ಗೆ ಹೆಸರು ಕೊಡುವ ಮುಂಚೆ ಆ ರೇಸ್‌ನ ರೂಲ್ ಬುಕ್‌ನಲ್ಲಿ ಟೈರ್ ಕಟಿಂಗ್‌ಗೆ ಅನುಮತಿ ಇದೆಯಾ ಅಂತ ಓದಿಕೊಳ್ಳಿ. ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ ಟೈರ್ ತಪಾಸಣೆಯ ಟೇಬಲ್‌ನಲ್ಲೇ ವಾಪಸ್ ಬರುತ್ತದೆ.