ಗುಜರಿಯಲ್ಲಿ ಸಿಕ್ಕ ಟಿವಿ ಗೇಮ್ ಮತ್ತೆ ಓಡುತ್ತಾ? ದಾವಣಗೆರೆಯ ಹಳೇ ಕನ್ಸೋಲ್‌ಗಳ ಕಥೆ

[ಮೇಜಿನ ಮೇಲೆ ಮುಚ್ಚಳ ಬಿಚ್ಚಿಟ್ಟ ಎರಡು ಟಿವಿ ಗೇಮ್. ಕ್ಯಾಮೆರಾ ಮೇಲಿನಿಂದ.]

ನಮಸ್ಕಾರ. ಈ ಎರಡು ಡಬ್ಬಿ ನೋಡಿ. ಮುಚ್ಚಳ ಹಾಕಿದರೆ ಯಾವುದು ಯಾವುದೋ ಹೇಳೋಕಾಗಲ್ಲ. ಅದೇ ಬಿಳಿ ಪ್ಲಾಸ್ಟಿಕ್, ಅದೇ ಕೆಂಪು ಬಟನ್, ಮೇಲಿನಿಂದ ಕ್ಯಾಸೆಟ್ ಹಾಕುವ ಅದೇ ಬಾಯಿ. ಎರಡೂ ದಾವಣಗೆರೆಯ ಗುಜರಿ ಅಂಗಡಿಯಿಂದ ಬಂದವು. ಬಂದಾಗ ಎರಡೂ ಆನ್ ಆಗುತ್ತಿರಲಿಲ್ಲ. ಈಗ ಎಡಗಡೆಯದು ಓಡುತ್ತದೆ. ಬಲಗಡೆಯದು ಇನ್ನು ಯಾವತ್ತೂ ಓಡಲ್ಲ.

[ಕ್ಲೋಸಪ್: ಎಡಗಡೆಯ ಬೋರ್ಡ್]

ಎಡಗಡೆ ಬೋರ್ಡ್ ಮೇಲೆ ಉದ್ದುದ್ದ ಎರಡು ಚಿಪ್ ಇವೆ. ಒಂದೊಂದಕ್ಕೂ 40 ಕಾಲು. ಒಂದರ ಮೇಲೆ ಯುಎ6527ಪಿ ಅಂತ ಅಚ್ಚಾಗಿದೆ, ಇನ್ನೊಂದರ ಮೇಲೆ ಯುಎ6538. ಯುಎಂಸಿ ಅನ್ನುವ ತೈವಾನ್ ಕಂಪನಿಯ ಮಾಲು. ಮೊದಲನೆಯದು ಲೆಕ್ಕ ಮಾಡುತ್ತದೆ, ಸದ್ದು ಹೊರಡಿಸುತ್ತದೆ. ಎರಡನೆಯದರ ಕೆಲಸ ಚಿತ್ರ ಬಿಡಿಸುವುದು.

[ಕ್ಲೋಸಪ್: ಬಲಗಡೆಯ ಬೋರ್ಡ್]

ಬಲಗಡೆ ಅಂಥದ್ದೇನೂ ಇಲ್ಲ. ಹುಣಸೆಹಣ್ಣಿನ ಉಂಡೆ ಒತ್ತಿದ ಹಾಗೆ ಒಂದು ಕಪ್ಪು ಗೋಂದಿನ ಗುಡ್ಡೆ, ಅಷ್ಟೇ. ಇಡೀ ಗೇಮ್ ಅದರೊಳಗೇ ಇರುವ ಒಂದು ಸಣ್ಣ ಚಿಪ್‌ನಲ್ಲಿದೆ. ತೊಂದರೆ ಹೊರಗೆ ಇದ್ದರೆ ಇದನ್ನೂ ಸರಿ ಮಾಡಬಹುದು. ಆದರೆ ಗುಡ್ಡೆಯೊಳಗಿನ ಚಿಪ್ಪೇ ಹೋಗಿದ್ದರೆ ಬಿಚ್ಚೋಕೂ ಆಗಲ್ಲ, ಬದಲಾಯಿಸೋಕೂ ಆಗಲ್ಲ. ಅದಕ್ಕೇ ನಮ್ಮೂರಿನ ಕಲೆಕ್ಟರ್‌ಗಳು, ಅಂದರೆ ಹಳೇ ಕನ್ಸೋಲ್ ಕೂಡಿಡುವವರು, ಗುಜರಿಗೆ ಹೋಗುವಾಗ ಜೇಬಲ್ಲಿ ಒಂದು ಸ್ಟಾರ್ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಹೋಗುತ್ತಾರೆ. ರೇಟ್ ಮಾತಾಡುವುದು ಮುಚ್ಚಳ ತೆಗೆದ ಮೇಲೆ.

ಇವತ್ತಿನ ವಿಡಿಯೋದ ಮುಖ್ಯ ವಿಷಯ ಇದೇ. ಹಳೇ ಕನ್ಸೋಲ್‌ನಲ್ಲಿ ದೊಡ್ಡ ಚಿಪ್‌ಗಳು ಕೆಡುವುದು ಕಡಿಮೆ. ಕೆಡುವುದೆಲ್ಲ ಸುತ್ತಮುತ್ತಲಿನ ಅಗ್ಗದ ಸಾಮಾನು. ಅಡಾಪ್ಟರ್, ಕರೆಂಟಿನ ಏರಿಳಿತ ಸಮ ಮಾಡುವ ಕೆಪಾಸಿಟರ್, ಕ್ಯಾಸೆಟ್ ಕೂರುವ ಕನೆಕ್ಟರ್. "ಹಾಳಾಗಿದೆ" ಅಂತ ಬಿಸಾಕಿದ ಡಬ್ಬಿಗಳಲ್ಲಿ ಎಷ್ಟೋ ನಿಜವಾಗಿ ಹಾಳಾಗಿರುವುದಿಲ್ಲ.

[ಹಳೇ ಹಳದಿ ಕ್ಯಾಸೆಟ್‌ಗಳ ಗುಡ್ಡೆ]

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಾವು ಟಿವಿ ಗೇಮ್ ಅಂತ ಕರೆಯುವುದು ಜಪಾನಿನ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ಮೂಲ ಫ್ಯಾಮಿಕಾಮ್ ಬಂದದ್ದು 1983ರ ಜುಲೈ 15ಕ್ಕೆ, ವಿನ್ಯಾಸ ಮಾಡಿದವರು ಮಸಾಯುಕಿ ಉಎಮುರಾ. ಅದರ ನಕಲುಗಳೇ ನಮ್ಮ ದೇಶದಲ್ಲಿ ಮೀಡಿಯಾ, ಲಿಟಲ್ ಮಾಸ್ಟರ್ ಅಂತೆಲ್ಲ ಬೇರೆ ಬೇರೆ ಹೆಸರಲ್ಲಿ ಮಾರಾಟವಾದವು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಬೇಸಿಗೆ ರಜೆ ಬಂದರೆ ದಿನದ ಬಾಡಿಗೆಗೆ ಗೇಮ್ ತರುವುದು, ಕಾಂಟ್ರಾ, ಮಾರಿಯೋ, ಟ್ಯಾಂಕ್, ರೋಡ್ ಫೈಟರ್, "9999 ಇನ್ 1" ಕ್ಯಾಸೆಟ್... ನೆನಪಿದೆ ಅಲ್ವಾ? ಆ 9999ರಲ್ಲಿ ನಿಜವಾಗಿ ಇದ್ದದ್ದು ಬೆರಳೆಣಿಕೆಯ ಗೇಮ್. ಅವನ್ನೇ ಬೇರೆ ಬೇರೆ ಲೆವೆಲ್‌ನಿಂದ ಶುರು ಮಾಡಿ ಲೆಕ್ಕ ತುಂಬಿಸಿದ್ದರು.

ಹೊರದೇಶದ ಕಲೆಕ್ಟರ್‌ಗಳಲ್ಲಿ ಕೆಲವರು ಈ ನಕಲುಗಳನ್ನು ಲೆಕ್ಕಕ್ಕೇ ಇಡುವುದಿಲ್ಲ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಯುಎಂಸಿ ಚಿಪ್ ಸುಮ್ನೆ ಕಾಪಿ ಅಲ್ಲ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಪಾಲ್ (PAL) ಅನ್ನುವ ಪದ್ಧತಿಯ ನಮ್ಮ ಟಿವಿ 50 ಸಲ. ಜಪಾನಿನ ಗೇಮ್ ತಂದು 50ರಲ್ಲಿ ಓಡಿಸಿದರೆ ಸಮಯದ ಲೆಕ್ಕ ತಪ್ಪುತ್ತದೆ, ಚಿತ್ರ ಅಲ್ಲಲ್ಲಿ ಒಡೆಯುತ್ತದೆ. ನಿಂಟೆಂಡೊ ತಾನೇ ಯುರೋಪಿಗೆ ಮಾಡಿದ ಪಾಲ್ ಮೆಷಿನ್‌ನಲ್ಲೂ ಕೆಲವು ಜಪಾನ್ ಗೇಮ್‌ಗಳಿಗೆ ಈ ತಕರಾರಿದೆ. ಯುಎಂಸಿಯವರು ಆ ಲೆಕ್ಕವನ್ನೇ ಹೊಂದಿಸಿದರು. ಅದಕ್ಕೇ ಜಪಾನಿನ ಕ್ಯಾಸೆಟ್ ನಮ್ಮ ಡಬ್ಬಿಯಲ್ಲಿ ಒಡೆಯದೆ ಓಡಿತು. ಒಂದೇ ವ್ಯತ್ಯಾಸ ಅಂದರೆ ನಾವು ಆಡಿದ ಮಾರಿಯೋ ಮೂಲಕ್ಕಿಂತ ಸುಮಾರು 17 ಪರ್ಸೆಂಟ್ ನಿಧಾನ. ಮ್ಯೂಸಿಕ್ ಕೂಡ ನಿಧಾನ. ಈಗ ಯೂಟ್ಯೂಬಲ್ಲಿ ಮೂಲ ಮಾರಿಯೋ ಕೇಳಿದಾಗ ಏನೋ ಅವಸರದಲ್ಲಿ ಓಡಿದ ಹಾಗೆ ಅನ್ನಿಸಿದರೆ ಕಾರಣ ಇದು.

[ಕಪಾಟು: ಸಾಲಾಗಿ ಕನ್ಸೋಲ್‌ಗಳು]

ಈಗ, ನಮ್ಮೂರಿನ ಕಲೆಕ್ಟರ್‌ಗಳಿಗೆಲ್ಲ ಕನ್ಸೋಲ್ ಸಿಗುವುದು ಎಲ್ಲಿಂದ?

ಮೊದಲನೆಯದು ಅಟ್ಟ. ಅಣ್ಣಂದಿರು ಆಡಿ ಬಿಟ್ಟದ್ದು, ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕನ ಪಾಲಿನದು. ಯುಗಾದಿ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಇವು ಕೆಳಗಿಳಿಯುತ್ತವೆ, ಅಲ್ಲಿಂದ ಗುಜರಿ ಗಾಡಿಗೆ. ಹಬ್ಬದ ಹಿಂದಿನ ವಾರ ಗುಜರಿ ಅಂಗಡಿಗೆ ಒಂದು ಸುತ್ತು ಹೊಡೆಯುವುದು ಇಲ್ಲಿನ ಕಲೆಕ್ಟರ್‌ಗಳಿಗೆ ಅಭ್ಯಾಸವಾಗಿಬಿಟ್ಟಿದೆ. ಗುಜರಿಯವರು ತೂಕಕ್ಕೆ ಕೊಡುತ್ತಾರೆ. ನೀವು ಜಾಸ್ತಿ ಆಸೆ ತೋರಿಸಿದರೆ ಮಾತ್ರ ತಕ್ಕಡಿ ಪಕ್ಕಕ್ಕಿಡುತ್ತಾರೆ!

ಎರಡನೆಯದು ಕಾಲೇಜು ಹಾಸ್ಟೆಲ್. ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳ ಊರು ಇದು, ಹೊರರಾಜ್ಯದ ಹುಡುಗರು ಬರುತ್ತಲೇ ಇರುತ್ತಾರೆ. ಕೋರ್ಸ್ ಮುಗಿಸಿ ಊರಿಗೆ ಹೋಗುವಾಗ ಪ್ಲೇಸ್ಟೇಷನ್ 2 ಹೊತ್ತುಕೊಂಡು ಹೋಗುವವರು ಕಡಿಮೆ. ಜೂನಿಯರ್ ಕೈಗೆ, ಅವನಿಂದ ಅವನ ಜೂನಿಯರ್ ಕೈಗೆ. ಪಿಎಸ್ 2 ಜಗತ್ತಲ್ಲೇ ಅತಿ ಹೆಚ್ಚು ಮಾರಾಟವಾದ ಕನ್ಸೋಲ್, 15 ಕೋಟಿಗೂ ಮೇಲೆ. ಹಾಗಾಗಿ ಅದು ಅಪರೂಪದ ಮಾಲೇನೂ ಅಲ್ಲ. ಸಿಕ್ಕರೆ ತಗೊಳ್ಳಿ, ಆದರೆ ಜಾಸ್ತಿ ದುಡ್ಡು ಕೊಡಬೇಡಿ. ಅದರಲ್ಲಿ ಮೊದಲು ಸೋಲುವುದು ಡಿಸ್ಕ್ ಓದುವ ಲೇಸರ್.

ಸೇಗಾ ಮೆಗಾ ಡ್ರೈವ್ ಬೇಕು ಅನ್ನುವವರಿಗೆ ಕಷ್ಟ. 90ರ ದಶಕದ ನಡುವೆ ಶಾ ವಾಲೇಸ್ ಕಂಪನಿ ಅದನ್ನು ಭಾರತದಲ್ಲಿ ಮಾರಿತ್ತು. ಆದರೆ ನಮ್ಮಂಥ ಊರಲ್ಲಿ ಅದನ್ನು ಕೊಂಡ ಮನೆಗಳು ತೀರಾ ಕಡಿಮೆ.

ಇನ್ನು ಜಪಾನಿನಿಂದ ತರಿಸುವವರು. ಅಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳು ಓಡುತ್ತೋ ಇಲ್ಲವೋ ನೋಡದೇ "ಜಂಕ್" ಅಂತ ಹಾಕಿ ಅಗ್ಗಕ್ಕೆ ಮಾರುತ್ತವೆ. ಕಳಿಸುವ ಖರ್ಚು, ಕಸ್ಟಮ್ಸ್ ಸೇರಿದರೆ ಅಗ್ಗ ಅನ್ನುವ ಮಾತು ಅಲ್ಲಿಗೇ ಮುಗಿಯಿತು. ತಂದ ಮೇಲೂ ಎರಡು ತಲೆನೋವು. ಒಂದು, ಅಲ್ಲಿನ ಕರೆಂಟ್ 100 ವೋಲ್ಟ್. ಅದರ ಅಡಾಪ್ಟರನ್ನು ನೇರವಾಗಿ ನಮ್ಮ 230 ವೋಲ್ಟ್ ಪ್ಲಗ್ಗಿಗೆ ಹಾಕಿದರೆ ಸುಟ್ಟ ವಾಸನೆ ಗ್ಯಾರಂಟಿ. ಎರಡು, ಮೂಲ ಫ್ಯಾಮಿಕಾಮ್‌ನಲ್ಲಿ ಎವಿ ವೈರ್ ಇಲ್ಲ, ಆಂಟೆನಾ ವೈರ್ ಮಾತ್ರ. ಅದು ಚಿತ್ರ ಕಳಿಸುವುದು 91, 97 ಮೆಗಾಹರ್ಟ್ಸ್ ಹತ್ತಿರ. ನಮ್ಮಲ್ಲಿ ಅದು ಎಫ್‌ಎಂ ರೇಡಿಯೋದ ಜಾಗ! ನಮ್ಮ ಟಿವಿಯಲ್ಲಿ ಎಷ್ಟು ತಿರುವಿದರೂ ಆ ಚಾನೆಲ್ ಸಿಗಲ್ಲ. ಒಳಗೆ ಸಣ್ಣದೊಂದು ಸರ್ಕ್ಯೂಟ್ ಸೇರಿಸಿ ಎವಿ ಹೊರಗೆ ತೆಗೆಯಬೇಕು. ಇಷ್ಟೆಲ್ಲ ಯಾಕಪ್ಪಾ ಅನ್ನಿಸಿದರೆ, ಆ ಜಪಾನ್ ಕ್ಯಾಸೆಟ್‌ಗಳಿಗೂ ನಮ್ಮ ನಕಲು ಡಬ್ಬಿಗೂ ಅದೇ 60 ಪಿನ್. ಕ್ಯಾಸೆಟ್ ಮಾತ್ರ ತರಿಸಿಕೊಂಡು ಇಲ್ಲೇ ಆಡಬಹುದು.

[ಮೇಜು: ಮಲ್ಟಿಮೀಟರ್, ಅಡಾಪ್ಟರ್]

ಸರಿ, ತಂದಾಯ್ತು. ಆನ್ ಆಗ್ತಿಲ್ಲ. ಮೊದಲು ಅಡಾಪ್ಟರ್ ಮೇಲೆ ಅನುಮಾನ ಪಡಿ.

ಹಳೇ ತೂಕದ ಅಡಾಪ್ಟರ್ ಮೇಲೆ 9 ವೋಲ್ಟ್ ಅಂತ ಬರೆದಿರುತ್ತದೆ. ಸುಮ್ನೆ ಮಲ್ಟಿಮೀಟರ್ ಇಟ್ಟು ನೋಡಿ, ಏನೂ ಜೋಡಿಸದಿದ್ದಾಗ 13ರವರೆಗೂ ತೋರಿಸಬಹುದು. ಕನ್ಸೋಲ್‌ಗೆ ಬೇಕಾದ್ದು 5 ವೋಲ್ಟ್ ಮಾತ್ರ. ಒಳಗೆ 7805 ಅನ್ನುವ ಮೂರು ಕಾಲಿನ ರೆಗ್ಯುಲೇಟರ್ ಕೂತಿದೆ, ಅದು ಉಳಿದ ವೋಲ್ಟನ್ನೆಲ್ಲ ಬಿಸಿ ಮಾಡಿ ಹೊರಹಾಕುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ, ಫ್ಯಾನ್ ಇಲ್ಲದ ರೂಮಲ್ಲಿ, ಎರಡು ತಾಸು ಕಾಂಟ್ರಾ ಆಡಿದರೆ ಆ ರೆಗ್ಯುಲೇಟರ್‌ನ ಪಾಡು ಏನು ಯೋಚಿಸಿ. ಸರಿಯಾದ 9 ವೋಲ್ಟ್ ಕೊಡುವ ಹೊಸ ಅಡಾಪ್ಟರ್ ಹಾಕಿ, 7805ಕ್ಕೆ ಹೊಸ ಹೀಟ್‌ಸಿಂಕ್ ಪೇಸ್ಟ್ ಹಚ್ಚಿದರೆ ಅರ್ಧ ಚಿಂತೆ ಹೋಯಿತು.

ಆದರೆ ಹೊಸ ಅಡಾಪ್ಟರ್ ಪಿನ್ ಕೂತಿತು ಅಂತ ಚುಚ್ಚಿಬಿಡಬೇಡಿ. ಫ್ಯಾಮಿಕಾಮ್‌ನಲ್ಲಿ ಪಿನ್‌ನ ಒಳಭಾಗ ಮೈನಸ್. ಈಗ ಸಿಗುವ ಅಡಾಪ್ಟರ್‌ಗಳಲ್ಲಿ ಬಹುತೇಕ ಒಳಭಾಗ ಪ್ಲಸ್. ಮೆಗಾ ಡ್ರೈವ್‌ನ ಮೊದಲ ಮಾಡೆಲ್ ಒಂದು ತರ, ಎರಡನೇ ಮಾಡೆಲ್ ಅದರ ಉಲ್ಟಾ. ಕಂಪನಿ ಒಂದೇ, ಹೆಸರೂ ಒಂದೇ! ವಿನೋಬನಗರದ ಗೆಳೆಯರೊಬ್ಬರು ಪ್ರತಿ ಅಡಾಪ್ಟರಿಗೂ ಬಿಳಿ ಟೇಪ್ ಸುತ್ತಿ, ಯಾವ ಡಬ್ಬಿಯದು, ಒಳಗೆ ಪ್ಲಸ್ಸೋ ಮೈನಸ್ಸೋ ಅಂತ ಸ್ಕೆಚ್ ಪೆನ್ನಲ್ಲಿ ಬರೆದಿಟ್ಟಿದ್ದಾರೆ. ಅವರ ಇಡೀ ಕಪಾಟಿನಲ್ಲಿ ನನಗೆ ಅತಿ ಇಷ್ಟವಾದದ್ದು ಆ ಟೇಪುಗಳೇ.

ಮುಂದಿನದು ಕೆಪಾಸಿಟರ್. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ನೊಳಗೆ ದ್ರವ ಇರುತ್ತದೆ. 30 ವರ್ಷದಲ್ಲಿ ಅದು ಒಣಗುತ್ತದೆ, ಇಲ್ಲಾ ಸೋರಿ ಬೋರ್ಡ್ ತಿನ್ನುತ್ತದೆ. ಚಿತ್ರದಲ್ಲಿ ಅಲೆ, ಸದ್ದಿನಲ್ಲಿ ಗುಂಯ್ ಅಂತ ಬಂದರೆ ಇದರ ಕೆಲಸ. ಟಿವಿ ರಿಪೇರಿ ಅಂಗಡಿಯಲ್ಲಿ ಅದೇ ಮೈಕ್ರೋಫ್ಯಾರಡ್‌ನ ಹೊಸ ಕೆಪಾಸಿಟರ್ ಸಿಗುತ್ತದೆ, ಕೆಲವೇ ರೂಪಾಯಿ. ವೋಲ್ಟ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ. ಪ್ಲಸ್ ಮೈನಸ್ ಅದಲುಬದಲು ಮಾಡಬೇಡಿ.

[ಕ್ಯಾಸೆಟ್ ಪಿನ್‌ಗಳ ಕ್ಲೋಸಪ್, ಹತ್ತಿಕಡ್ಡಿ ಕಪ್ಪಾಗುವುದು]

ಇನ್ನು ಎಲ್ಲರೂ ಕಾಯ್ತಿರುವ ಪ್ರಶ್ನೆ. ಕ್ಯಾಸೆಟ್ ಊದಬೇಕಾ? ಬೇಡ. ನಿಂಟೆಂಡೊ ಕೂಡ ಊದಬೇಡಿ ಅಂತಲೇ ಹೇಳಿದೆ. ಬಾಯಿಯ ತೇವ ಪಿನ್ ಮೇಲೆ ಕೂತು ನಿಧಾನಕ್ಕೆ ಕಿಲುಬು ಹಿಡಿಸುತ್ತದೆ. ಹಾಗಾದರೆ ಊದಿದಾಗ ಓಡುತ್ತಿತ್ತಲ್ಲ? ಊದೋದಕ್ಕೆ ಕ್ಯಾಸೆಟ್ ತೆಗೆದು ಮತ್ತೆ ಹಾಕುತ್ತಿದ್ದಿರಲ್ಲ, ಕೆಲಸ ಮಾಡಿದ್ದು ಅದು. ಪಿನ್ ಉಜ್ಜಿಕೊಂಡು ಹೊಸ ಜಾಗಕ್ಕೆ ಕೂತಿತು.

ಈಗ ಎಲ್ಲರೂ ಬಳಸುವುದು ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದು. ಹತ್ತಿಕಡ್ಡಿ ಅದ್ದಿ ಪಿನ್ ಉದ್ದಕ್ಕೆ ಎಳೆಯಿರಿ. ಕಡ್ಡಿ ನೋಡಿ, ಹೇಗೆ ಕಪ್ಪಾಯಿತು. ಬೆಳ್ಳಗೆ ಬರುವವರೆಗೂ ಎಳೆಯುತ್ತಿರಿ, ಒಣಗಲು ಬಿಡಿ, ಆಮೇಲೆ ಹಾಕಿ. ಮರಳು ಕಾಗದ ಮಾತ್ರ ಮುಟ್ಟಬೇಡಿ. ಪಿನ್ ಮೇಲಿನ ತೆಳು ಲೇಪ ಒಮ್ಮೆ ಹೋದರೆ ಹೋಯಿತು.

ಇಡುವ ಜಾಗದ ವಿಷಯದಲ್ಲಿ ನಾವು ಒಂದು ಕಡೆ ಅದೃಷ್ಟವಂತರು. ಮಲೆನಾಡಿನ ಕಲೆಕ್ಟರ್‌ಗಳಿಗೆ ಮಳೆಗಾಲದಲ್ಲಿ ಬೂಷ್ಟಿನ ಕಾಟ. ನಮ್ಮದು ಒಣ ಹವೆ. ಬದಲಿಗೆ ಧೂಳಿದೆ. ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇದ್ದರಂತೂ ಧೂಳಿನ ಜೊತೆ ಮಸಿಯೂ ಸೇರುತ್ತದೆ. ಗಾಳಿ ಕಿಂಡಿಯಿಂದ ಒಳಗೆ ಹೋಗಿ ಕೂರುತ್ತದೆ. ಆಡದೇ ಇದ್ದಾಗ ಬಟ್ಟೆ ಮುಚ್ಚಿ, ಪ್ಲಾಸ್ಟಿಕ್ ಕವರಲ್ಲಿ ಬಿಗಿದು ಕಟ್ಟಬೇಡಿ. ಲೈಟ್ ಗನ್‌ನಲ್ಲಿ, ಜಾಯ್‌ಸ್ಟಿಕ್‌ನಲ್ಲಿ ಸೆಲ್ ಇದ್ದರೆ ತೆಗೆದಿಡಿ. ಇನ್ನೊಂದು, ಆಯುಧ ಪೂಜೆಗೆ ಕುಂಕುಮ ಇಡುವವರು ಇದ್ದೀರಿ, ಇಡಿ, ಬೇಡ ಅನ್ನಲ್ಲ. ಕ್ಯಾಸೆಟ್ ಬಾಯಿಯಿಂದ ಸ್ವಲ್ಪ ದೂರ ಇಡಿ.

ಹಳದಿ ಬಣ್ಣದ ಬಗ್ಗೆ ಎರಡು ಮಾತು. ಬಿಳಿ ಡಬ್ಬಿ ಹಳದಿಯಾಗುವುದು ಎಬಿಎಸ್ ಪ್ಲಾಸ್ಟಿಕ್ ಬಿಸಿಲು, ಗಾಳಿಗೆ ಮುಪ್ಪಾಗುವುದರಿಂದ. ಬೆಂಕಿ ತಡೆಯಲು ಅದರಲ್ಲಿ ಬೆರೆಸುತ್ತಿದ್ದ ಬ್ರೋಮಿನ್ ರಾಸಾಯನಿಕವೂ ಕಾರಣ ಅನ್ನುತ್ತಾರೆ. ಕೂದಲಿಗೆ ಹಚ್ಚುವ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಬಳಿದು ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ. ಆದರೆ ನಮ್ಮ ಬಿಸಿಲಿಗೆ ಕ್ರೀಮ್ ಬೇಗ ಒಣಗಿ, ಪಟ್ಟೆ ಪಟ್ಟೆಯಾಗಿ ಕೂರುತ್ತದೆ. ಕೆಲವು ವರ್ಷಕ್ಕೆ ಹಳದಿ ವಾಪಸ್ ಬರುವುದೂ ಉಂಟು. ನನ್ನ ಕೇಳಿದರೆ, ಸೋಪು ನೀರಲ್ಲಿ ತೊಳೆದು ಹಾಗೇ ಬಿಡಿ.

[ಹಳೇ ಪಿಕ್ಚರ್ ಟ್ಯೂಬ್ ಟಿವಿ, ಡಕ್ ಹಂಟ್ ಓಡುತ್ತಿದೆ]

ಕೊನೆಗೆ ನಿಜವಾದ ಸಮಸ್ಯೆ. ಕನ್ಸೋಲ್ ಸಿಗುತ್ತದೆ, ಹಳೇ ಪಿಕ್ಚರ್ ಟ್ಯೂಬ್ ಟಿವಿ ಸಿಗುತ್ತಿಲ್ಲ.

ಗನ್ ಹಿಡಿದು ಬಾತುಕೋಳಿ ಹೊಡೆಯುವ ಡಕ್ ಹಂಟ್ ತೆಗೆದುಕೊಳ್ಳಿ. ಟ್ರಿಗರ್ ಒತ್ತಿದ ತಕ್ಷಣ ಸ್ಕ್ರೀನ್ ಒಂದು ಕ್ಷಣ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಗನ್ ಒಳಗಿನ ಕಣ್ಣು ಆ ಬೆಳಕು ಕಂಡರೆ ಗುಂಡು ತಾಗಿತು ಅಂತ ಲೆಕ್ಕ. ಎಲ್‌ಇಡಿ ಟಿವಿಯಲ್ಲಿ ಆ ಚೌಕ ತಡವಾಗಿ ಬರುತ್ತದೆ, ಬೆಳಕಿನ ಮಿಡಿತವೂ ಬೇರೆ. ಎಷ್ಟು ಗುರಿಯಿಟ್ಟರೂ ಬಾತುಕೋಳಿ ಬೀಳಲ್ಲ, ನಾಯಿ ನಗುತ್ತದೆ. ಮಾರಿಯೋದಲ್ಲೂ ಅಷ್ಟೇ. ಬಟನ್ ಒತ್ತಿದ್ದಕ್ಕೂ ನೆಗೆದದ್ದಕ್ಕೂ ನಡುವೆ ಅಂತರ ಬಂದರೆ ಹಳ್ಳಕ್ಕೆ ಬೀಳುವುದೇ.

ಆದರೆ ಗುಜರಿಯಲ್ಲಿ ಈ ಟ್ಯೂಬ್ ಟಿವಿಗಳನ್ನು ತಾಮ್ರಕ್ಕಾಗಿ ಒಡೆಯುತ್ತಾರೆ. ಟ್ಯೂಬಿನ ಕುತ್ತಿಗೆಗೆ ಸುತ್ತಿದ ಕಾಯಿಲ್ ಅವರಿಗೆ ಬೇಕು, ಗಾಜು ಕಸ. ರಿಪೇರಿ ಬಲ್ಲ ಮೆಕ್ಯಾನಿಕ್‌ಗಳೂ ಮೊಬೈಲ್ ಕಡೆ ಹೋದರು, ಇಲ್ಲಾ ಅಂಗಡಿ ಮುಚ್ಚಿದರು. ಎಲ್‌ಓಟಿ, ಅಂದರೆ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಹೊಸದು ಹುಡುಕುವುದು ದೊಡ್ಡ ಸಾಹಸ. ಹಾಗಂತ ನೀವೇ ಹಿಂದಿನ ಮುಚ್ಚಳ ಬಿಚ್ಚಲು ಹೋಗಬೇಡಿ. ಕಲರ್ ಟಿವಿ ಟ್ಯೂಬಿಗೆ ಹೋಗುವುದು 20,000 ವೋಲ್ಟ್‌ಗೂ ಮೇಲೆ. ಪ್ಲಗ್ ತೆಗೆದ ಮೇಲೂ ಅದು ಒಳಗೆ ಉಳಿದಿರಬಹುದು. ಕನ್ಸೋಲ್ ಬಿಚ್ಚುವ ಧೈರ್ಯವನ್ನು ಇಲ್ಲಿ ತೋರಿಸುವುದು ಬೇಡ.

ಟಿವಿ ಹುಡುಕುವವರಿಗೆ ಒಂದು ಮಾತು. ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. 21 ಇಂಚಿನದು ಸಾಕು, ದೊಡ್ಡದನ್ನು ಮೆಟ್ಟಿಲು ಹತ್ತಿಸುವಾಗ ಸೊಂಟ ಹೋಗುತ್ತದೆ. ಹಿಂದೆ ಹಳದಿ, ಬಿಳಿ ಎವಿ ತೂತು ಇದೆಯಾ ನೋಡಿ. ರಿಮೋಟ್ ಇದ್ದರೆ ಬಿಡಬೇಡಿ. ಕೆಲವು ಸೆಟ್‌ಗಳಲ್ಲಿ ರಿಮೋಟ್ ಇಲ್ಲದೆ ಎವಿ ಮೋಡಿಗೆ ಹೋಗೋಕೇ ಆಗಲ್ಲ.

[ಸ್ಕ್ರೀನ್ ಮೇಲೆ: ನಿಮ್ಮ ಬೋರ್ಡ್ ಫೋಟೋ ಹಾಕಿ]

ನಿಮ್ಮ ಮನೆ ಅಟ್ಟದ ಮೇಲೂ ಒಂದು ಡಬ್ಬಿ ಇದ್ದರೆ, ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಬೋರ್ಡಿನ ಫೋಟೋ ಕಾಮೆಂಟಲ್ಲಿ ಹಾಕಿ. ಚಿಪ್ ಇದೆಯೋ, ಗುಡ್ಡೆ ಇದೆಯೋ ನೋಡೋಣ. ಮುಂದಿನ ವಿಡಿಯೋದಲ್ಲಿ ಅದರಲ್ಲೊಂದನ್ನು ತಂದು, ಕೆಪಾಸಿಟರ್ ಬದಲಾಯಿಸುವುದನ್ನು ಮೊದಲಿಂದ ಕೊನೆವರೆಗೆ ಕಟ್ ಇಲ್ಲದೆ ತೋರಿಸುತ್ತೇನೆ.